ಹಳೇ ಜಪಾನಿ ಆಂಪ್ಲಿಫೈಯರೋ, ಹೊಸ ಕ್ಲಾಸ್ ಡಿಯೋ? ಹಾಸನ, ಮಲೆನಾಡಿನ ಕರೆಂಟಿಗೂ ತೇವಕ್ಕೂ ಯಾವುದು ಸರಿ

ಹಾಸನ_ಕೇಳುಗ

ಎಲ್ಲರಿಗೂ ನಮಸ್ಕಾರ. ಹಾಸನದ ಮನೆಗೆ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಬೇಕು. ಮುಂದೆ ಅದೇ ಸೆಟ್ ಸಕಲೇಶಪುರದ ತೋಟದ ಮನೆಗೂ ಹೋಗಬಹುದು. ಹಾಲ್ 14×18 ಅಡಿ. ಸ್ಪೀಕರ್ 8 ಓಮ್, ತ್ರೀ-ವೇ, 90 ಡಿಬಿ (ಒಂದು ವಾಟ್‌ಗೆ ಬರುವ ಸದ್ದು). ಕೇಳೋದು ಹೆಚ್ಚಾಗಿ ಕರ್ನಾಟಕ ಸಂಗೀತ, ಭಾವಗೀತೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಇರುವ ರೆಕಾರ್ಡ್ ಪ್ಲೇಯರ್ ಕೂಡ ಇದೆ.

ಸಿಗ್ತಿರೋದು ಎರಡು. ಒಂದು, 70ರ ದಶಕದ ಕೊನೆಯ ಜಪಾನಿ ಇಂಟಿಗ್ರೇಟೆಡ್, ಚಾನೆಲ್‌ಗೆ 45 ವಾಟ್, ಹಿಂದುಗಡೆ 100 ವೋಲ್ಟ್ ಅಂತ ಬರೆದಿದೆ. ಇನ್ನೊಂದು, ಟಿಪಿಎ3116 ಚಿಪ್ಪಿನ ಹೊಸ ಪುಟ್ಟ ಕ್ಲಾಸ್ ಡಿ (ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಥರದ್ದು), ಡಬ್ಬದ ಮೇಲೆ "100+100 ವಾಟ್". ಹಳೇದಕ್ಕೆ ವಾರ್ಮ್ ಸೌಂಡ್ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ. ಅದು ನಿಜಾನಾ? ಯಾವುದು ತಗೊಳ್ಳಲಿ?

ಅಳತೆಪಟ್ಟಿ

ಮೊದಲು ವಾಟ್ ಲೆಕ್ಕ ನೋಡೋಣ ಸರ್. ಟಿಪಿಎ3116 ಚಾನೆಲ್‌ಗೆ 50 ವಾಟ್ ಅಂತ ಚಿಪ್ ಕಂಪನಿ ಹೇಳೋದು 21 ವೋಲ್ಟ್ ಸಪ್ಲೈ, 4 ಓಮ್ ಸ್ಪೀಕರ್, 10% ಡಿಸ್ಟಾರ್ಷನ್‌ನಲ್ಲಿ. ನಿಮ್ಮದು 8 ಓಮ್. 24 ವೋಲ್ಟ್ ಅಡಾಪ್ಟರ್ ಹಾಕಿದರೆ ಸ್ಪೀಕರ್‌ಗೆ ಸಿಗುವ ಪೀಕ್ ಸುಮಾರು 23 ವೋಲ್ಟ್, ಅಂದರೆ ಆರ್‌ಎಂಎಸ್ (ಪವರ್ ಲೆಕ್ಕಕ್ಕೆ ಹಿಡಿಯುವ ಪರಿಣಾಮಕಾರಿ ವೋಲ್ಟೇಜ್) 16.3. ವರ್ಗ ಮಾಡಿ 8ರಿಂದ ಭಾಗಿಸಿದರೆ 33 ವಾಟ್. ಮನೆಯಲ್ಲಿ ಬಿದ್ದಿರುವ 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದರೆ 20 ವಾಟ್ ಆಸುಪಾಸು. ಡಬ್ಬದ 100ನ್ನು ಲೆಕ್ಕಕ್ಕೇ ತಗೋಬೇಡಿ. 90ರ ದಶಕದ ಟೇಪ್ ರೆಕಾರ್ಡರ್‌ಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವಾಟ್ ಬರೆಯುತ್ತಿದ್ದರಲ್ಲ, ಅದೇ ಜಾತಿಯ ಅಂಕಿ ಇದು.

ಹಳೇದರ 45 ವಾಟ್ ನಂಬಬಹುದು. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತಂದ ನಿಯಮದಂತೆ ಮೂರನೇ ಒಂದು ಭಾಗ ಪವರ್‌ನಲ್ಲಿ ಒಂದು ಗಂಟೆ ಓಡಿಸಿ, ಸೆಟ್ ಬಿಸಿಯಾದ ಮೇಲೆ ನಿರಂತರ ಪವರ್ ಅಳೆದು ಜಾಹೀರಾತಿನಲ್ಲಿ ಹಾಕಬೇಕಿತ್ತು. ಅಲ್ಲಿಗೆ ಮಾರುತ್ತಿದ್ದ ಜಪಾನಿ ಕಂಪನಿಗಳು ಹೀಟ್‌ಸಿಂಕನ್ನೂ ಟ್ರಾನ್ಸ್‌ಫಾರ್ಮರನ್ನೂ ಅದಕ್ಕೆ ತಕ್ಕ ಹಾಗೆ ದೊಡ್ಡದು ಮಾಡಿದವು. 1976ರ ಪಯೋನಿಯರ್ ಎಸ್‌ಎಕ್ಸ್-1250ರ 160 ವಾಟ್ ಅಂಥ ನಿಜವಾದ 160.

ಆದರೂ 45ಕ್ಕೂ 33ಕ್ಕೂ ಇರುವ ವ್ಯತ್ಯಾಸ 1.35 ಡಿಬಿ ಅಷ್ಟೇ. 90 ಡಿಬಿ ಸ್ಪೀಕರ್‌ಗೆ ನಿಮ್ಮ ಹಾಲ್‌ನಲ್ಲಿ 20 ವಾಟ್ ಧಾರಾಳ. ಪವರ್ ನೋಡಿ ಆರಿಸುವ ಪ್ರಮೇಯವೇ ಇಲ್ಲ.

ಬೆಸುಗೆ_ಕಡ್ಡಿ

100 ವೋಲ್ಟ್ ಅಂದ್ರಲ್ಲ, ಅಲ್ಲೇ ಹುಷಾರಾಗಿರಿ. ಅಂಗಡಿಯಲ್ಲಿ ಕನ್ವರ್ಟರ್ ಕೇಳಿದ್ರೆ 230ರಿಂದ 110 ಮಾಡುವುದನ್ನೇ ಕೊಡ್ತಾರೆ. ರಾತ್ರಿ ಹನ್ನೊಂದರ ಮೇಲೆ ಲೈನ್ 245 ಆದ್ರೆ ಅದರ ಔಟ್‌ಪುಟ್ 117. ಸೆಟ್ ಒಳಗೆ ±42 ವೋಲ್ಟ್ ಇರಬೇಕಾದ ರೈಲ್ (ಒಳಗಿನ ಡಿಸಿ ಸಪ್ಲೈ) ±49ಕ್ಕೆ ಹೋಗುತ್ತೆ. ಫಿಲ್ಟರ್ ಕೆಪಾಸಿಟರ್ 50 ವೋಲ್ಟಿನದು, ಅದೂ ನಲವತ್ತು ವರ್ಷ ಹಳೇದು. ಎಷ್ಟು ದಿನ ತಡೀತದೆ? 230ರಿಂದ 100 ಮಾಡುವ ಟ್ರಾನ್ಸ್‌ಫಾರ್ಮರನ್ನೇ ಸುತ್ತಿಸಿ. ಎರಡು ವೈಂಡಿಂಗ್ ಬೇರೆ ಬೇರೆ ಇರುವ ಐಸೋಲೇಷನ್ ಥರದ್ದು ಇರಲಿ, ಆಟೋ ಟ್ರಾನ್ಸ್‌ಫಾರ್ಮರ್ ಬೇಡ. ಹಿಂದಿನ ತಗಡಿನ ಮೇಲೆ ಬರೆದಿರುವ ವಾಟ್‌ನ ಎರಡರಷ್ಟು ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಅಳತೆ) ಲೆಕ್ಕ ಹಿಡಿಯಿರಿ. 150 ವಾಟ್ ಅಂತಿದ್ರೆ 300 ವಿಎ.

ಜಪಾನಿನ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಹಾಗಾಗಿ ಅಲ್ಲಿನ ಸೆಟ್ ಎರಡಕ್ಕೂ ಆಗುತ್ತೆ. ಅಮೆರಿಕದ 120 ವೋಲ್ಟ್, 60 ಹರ್ಟ್ಸ್ ಮಾತ್ರ ಅಂತ ಬರೆದದ್ದು ಸಿಕ್ಕರೆ ನಮ್ಮ 50 ಹರ್ಟ್ಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಸುಮ್ಮನೆ ಕೂತಲ್ಲೇ ಬಿಸಿಯಾಗುತ್ತೆ, ಗುಂಯ್ ಅನ್ನುತ್ತೆ. ಕೆಲವು ಎಕ್ಸ್‌ಪೋರ್ಟ್ ಮಾಡೆಲ್‌ಗಳ ಹಿಂದುಗಡೆಯೇ 110/120/220/240 ತಿರುಗಿಸುವ ಸೆಲೆಕ್ಟರ್ ಇರುತ್ತೆ. ಅಂಥದ್ದು ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.

ನೋಡೋಕೆ ಹೋಗುವಾಗ ಒಂದು ಮಲ್ಟಿಮೀಟರ್, 60 ವಾಟ್ ಹಳೇ ಬಲ್ಬಿನ ಸೀರೀಸ್ ಬೋರ್ಡ್ (ಸೆಟ್‌ಗೆ ಹೋಗುವ ಕರೆಂಟು ಬಲ್ಬ್ ಮೂಲಕವೇ ಹಾಯುವ ಬೋರ್ಡ್), ಹಾಳಾದರೂ ಪರವಾಗಿಲ್ಲ ಅನ್ನುವ ಒಂದು ಸ್ಪೀಕರ್ ಇಟ್ಟುಕೊಳ್ಳಿ. ಎಲ್‌ಇಡಿ ಬಲ್ಬ್ ಇದಕ್ಕೆ ಬರಲ್ಲ. ಫ್ಯೂಸ್ ಕಳಚಿ ನೋಡಿ. 4 ಆಂಪಿಯರ್ ಜಾಗದಲ್ಲಿ 10 ಹಾಕಿದ್ರೆ, ತಂತಿ ಸುತ್ತಿದ್ರೆ ಆ ಸೆಟ್ ಹಿಂದೆ ಒಮ್ಮೆ ಕೆಟ್ಟಿದೆ ಅಂತರ್ಥ. ಆಮೇಲೆ ಸೀರೀಸ್ ಬೋರ್ಡ್ ಮೂಲಕ ಆನ್ ಮಾಡಿ. ಬಲ್ಬ್ ಒಂದು ಕ್ಷಣ ಜೋರಾಗಿ ಉರಿದು ಮಂಕಾಗಬೇಕು. ಉರೀತಾನೇ ಇದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರೋ ಬ್ರಿಡ್ಜೋ ಶಾರ್ಟ್. ಅಲ್ಲಿಗೆ ನಿಲ್ಲಿಸಿ.

ಬಲ್ಬ್ ತೆಗೆದು ನೇರ ಕೊಟ್ಟ ಮೇಲೆ ಎರಡು ಮೂರು ಸೆಕೆಂಡಿಗೆ ಒಳಗೆ ಸ್ಪೀಕರ್ ಜೋಡಿಸುವ ರಿಲೇ ಟಿಕ್ ಅನ್ನಬೇಕು. ಹತ್ತು ನಿಮಿಷ ಬಿಟ್ಟು, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ರೆ ಸರಿ. 100 ದಾಟಿದ್ರೆ ರಿಪೇರಿ ಲೆಕ್ಕ ಹಿಡಿದು ಚೌಕಾಸಿ ಮಾಡಿ. ಸಣ್ಣ ವಾಲ್ಯೂಮ್‌ನಲ್ಲಿ ಒಂದು ಚಾನೆಲ್ ಮಾಯವಾಗಿ, ಜೋರು ಮಾಡಿದ ಕೂಡಲೇ ಬಂದ್ರೆ ಹೆದರಬೇಡಿ, ರಿಲೇ ಕಾಂಟ್ಯಾಕ್ಟ್ ಕಪ್ಪಾಗಿದೆ ಅಷ್ಟೆ. ಅದನ್ನ ಉಜ್ಜುಕಾಗದದಲ್ಲಿ ಉಜ್ಜಬೇಡಿ, ಮೇಲಿನ ಲೇಪ ಹೋಗುತ್ತೆ. ಅದೇ ಕಾಯಿಲ್ ವೋಲ್ಟೇಜಿನ, ಅದೇ ಪಿನ್ನಿನ ಹೊಸ ರಿಲೇ ಹಾಕಿಸಿ.

ಮೇಲಿನ ಮುಚ್ಚಳ ತೆಗೆಸಿ ಒಂದು ವಿಷಯ ಹತ್ತಿರದಿಂದ ನೋಡಿ. ದೊಡ್ಡ ಕೆಪಾಸಿಟರ್ ಅಲ್ಲಾಡದಿರಲಿ ಅಂತ ಬುಡಕ್ಕೆ ಅಂಟು ಹಾಕಿರ್ತಾರೆ. ಹೊಸದರಲ್ಲಿ ತಿಳಿ ಹಳದಿ. ವರ್ಷ ಕಳೆದು ಬಿಸಿ ತಿಂದ ಮೇಲೆ ಕಡುಕಂದು ಆಗಿ, ಉಗುರಿನಲ್ಲಿ ಒತ್ತಿದ್ರೆ ಪುಡಿ ಉದುರುತ್ತೆ. ಆ ಹಂತದಲ್ಲಿ ಅದು ಕರೆಂಟು ಹರಿಯಲು ಬಿಡುತ್ತೆ, ಪಕ್ಕದ ರೆಸಿಸ್ಟರ್ ಕಾಲುಗಳನ್ನ ಹಸಿರುಗಟ್ಟಿಸಿ ತಿನ್ನುತ್ತೆ. ತುಂಬ ಜನ ಕೆಪಾಸಿಟರ್ ಸೋರಿದೆ ಅಂದ್ಕೊಂಡು ಕೆಪಾಸಿಟರ್ ಬದಲಿಸಿ ಅಂಟನ್ನ ಹಾಗೇ ಬಿಡ್ತಾರೆ, ಚಾನೆಲ್‌ನ ಕರಕರ ಮಾತ್ರ ಹೋಗಲ್ಲ. ಮರದ ಕಡ್ಡಿಯಲ್ಲಿ ಪೂರ್ತಿ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕಾಲು ತಿಂದು ಹೋದ ಡಯೋಡ್, ರೆಸಿಸ್ಟರ್ ಬದಲಿಸಬೇಕು.

ವಾಲ್ವ್_ಚಿಕ್ಕಮಗಳೂರು

ನೀವಿಬ್ಬರೂ ಸಂಖ್ಯೆಯಲ್ಲೇ ಮುಗಿಸಿದಿರಿ. ಇಎಲ್84 ವಾಲ್ವ್ (ಹಳೇ ರೇಡಿಯೋಗಳ ಗಾಜಿನ ಬುಡ್ಡಿ) ಜೋಡಿಯ ಪುಷ್-ಪುಲ್ ಸೆಟ್‌ನಲ್ಲಿ ವೀಣೆ ಕೇಳಿ, ಆಮೇಲೆ ಅದೇ ರೆಕಾರ್ಡನ್ನು ಆ ಪುಟ್ಟ ಡಬ್ಬದಲ್ಲಿ ಕೇಳಿ. ಮೀಟು ನಿಂತ ಮೇಲೆ ನಾದ ಉಳಿಯುವ ರೀತಿಯೇ ಬೇರೆ. 12 ವಾಟ್ ಸಾಕು. ಇದು ಬರೀ ನಂಬಿಕೆ ಅಂತ ತಳ್ಳಿಹಾಕಬೇಡಿ.

ಅಳತೆಪಟ್ಟಿ

ತಳ್ಳಿಹಾಕುತ್ತಿಲ್ಲ ಸರ್. ನೀವು ಕೇಳುತ್ತಿರುವ ವ್ಯತ್ಯಾಸ ಇದ್ದೇ ಇದೆ, ಅದಕ್ಕೆ ಕಾರಣವೂ ಇದೆ. ವಾಲ್ವ್ ಸೆಟ್‌ನ ಔಟ್‌ಪುಟ್ ಇಂಪೀಡೆನ್ಸ್ (ಸೆಟ್‌ನ ಒಳಗಿನ ಅಡ್ಡಿ) 2 ಓಮ್ ಇರೋದು ಸಾಮಾನ್ಯ. 8 ಓಮ್ ಅಂತ ಬರೆದ ಸ್ಪೀಕರ್ ಕೆಲವು ಫ್ರೀಕ್ವೆನ್ಸಿಯಲ್ಲಿ 6 ಓಮ್, ಬಾಸ್ ರೆಸೊನೆನ್ಸ್ ಹತ್ತಿರ 30 ಓಮ್. 6 ಓಮ್ ಇರುವ ಕಡೆ 2.5 ಡಿಬಿ ನಷ್ಟ, 30 ಇರುವ ಕಡೆ 0.56 ಡಿಬಿ. ಅಂದರೆ ಸ್ಪೀಕರ್‌ನ ಇಂಪೀಡೆನ್ಸ್ ರೇಖೆಯೇ ಸುಮಾರು 1.9 ಡಿಬಿಯ ಟೋನ್ ಕಂಟ್ರೋಲ್ ಆಗಿಬಿಡುತ್ತದೆ. ಬಾಸ್ ತುಂಬಿಕೊಳ್ಳುತ್ತದೆ, ಹಿಡಿತ ಕಮ್ಮಿಯಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. 0.05 ಓಮ್ ಇರುವ ಟ್ರಾನ್ಸಿಸ್ಟರ್ ಸೆಟ್‌ನಲ್ಲಿ ಇದೇ ನಷ್ಟ 0.07 ಡಿಬಿ, ಕಿವಿಗೆ ಸಿಗುವುದಿಲ್ಲ. 70ರ ದಶಕದ ಜಪಾನಿ ಸೆಟ್ಟೂ ಈ ಗುಂಪಿಗೇ ಸೇರಿದ್ದು. ಅದು ಆರೋಗ್ಯವಾಗಿದ್ದರೆ ಒಳ್ಳೆಯ ಹೊಸ ಸೆಟ್‌ಗೂ ಅದಕ್ಕೂ ಸ್ವರದಲ್ಲಿ ಹತ್ತಿರ ಹತ್ತಿರ ಏನೂ ಭೇದ ಇರುವುದಿಲ್ಲ. ವಾರ್ಮ್ ಅನ್ನುವುದನ್ನು ವಾಲ್ವ್‌ನಿಂದ ತಂದು ಟ್ರಾನ್ಸಿಸ್ಟರ್ ಸೆಟ್‌ಗೂ ಅಂಟಿಸಿದ್ದಾರೆ.

ನೀವೇ ಪರೀಕ್ಷೆ ಮಾಡಬಹುದು. ಹೊಸ ಸೆಟ್‌ನ ಪ್ರತಿ ಸ್ಪೀಕರ್‌ಗೆ 2.2 ಓಮ್, 10 ವಾಟ್ ವೈರ್‌ವೌಂಡ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ ವೀಣೆ ಕೇಳಿ. ಆ ತುಂಬುನಾದದ ದೊಡ್ಡ ಪಾಲು ಬರುತ್ತದೆ.

ಕ್ಲಾಸ್ ಡಿಗೂ ಒಂದು ಓರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಟಿಪಿಎ3116ರಲ್ಲಿ ಕೊನೆಯ ಕಾಯಿಲ್-ಕೆಪಾಸಿಟರ್ ಫಿಲ್ಟರ್ ಫೀಡ್‌ಬ್ಯಾಕ್‌ನ (ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ಏರ್ಪಾಡಿನ) ಆಚೆ ಉಳಿಯುತ್ತದೆ. ಫಿಲ್ಟರ್ 4 ಓಮ್‌ಗೆ ಲೆಕ್ಕ ಹಾಕಿದ್ದರೆ 8 ಓಮ್ ಸ್ಪೀಕರ್‌ನಲ್ಲಿ ಟ್ರೆಬಲ್‌ನ ತುದಿ ಸ್ವಲ್ಪ ಮೇಲೇಳುತ್ತದೆ. "ಹೊಸದು ಚುಚ್ಚುತ್ತೆ" ಅನ್ನುವ ದೂರಿಗೆ ಇದೂ ಒಂದು ಕಾರಣ. ಟಿಪಿಎ3255 ಅನ್ನುವ ಇನ್ನೊಂದು ಕ್ಲಾಸ್ ಡಿ ಚಿಪ್ಪಿನ ಒಳ್ಳೆಯ ಬೋರ್ಡ್‌ಗಳಲ್ಲಿ ಫಿಲ್ಟರ್ ದಾಟಿದ ಮೇಲಿನಿಂದಲೂ ಫೀಡ್‌ಬ್ಯಾಕ್ ತಗೊಂಡಿರುತ್ತಾರೆ, ಅಲ್ಲಿ ಈ ತೊಂದರೆ ಇಲ್ಲ.

ಎರಡನ್ನೂ ಹೋಲಿಸಿ ಕೇಳುವುದಾದರೆ ಮಟ್ಟ ಸಮ ಮಾಡಲೇಬೇಕು. ಅರ್ಧ ಡಿಬಿ ಜೋರಾಗಿರುವುದು ಕಿವಿಗೆ "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಫೋನಿನಿಂದ 200 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆದು, ಎರಡರಲ್ಲೂ 1% ಒಳಗೆ ಒಂದೇ ಬರುವಂತೆ ವಾಲ್ಯೂಮ್ ಇಡಿ. 1% ಅಂದರೆ 0.09 ಡಿಬಿ. ಸಾಧಾರಣ ಮೀಟರ್‌ಗಳು ಮೇಲಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತವೆ, ಅದಕ್ಕೇ 200.

ಎಚ್ಚರಿಕೆ ಒಂದು. ಹಳೇ ಸ್ಪೀಕರ್ ಸ್ವಿಚ್ ಬಾಕ್ಸ್‌ಗಳಲ್ಲಿ ಮೈನಸ್ ಎಲ್ಲಾ ಒಂದೇ ಕಡೆ ಸೇರಿರುತ್ತದೆ. ಟಿಪಿಎ3116ರಲ್ಲಿ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ, ಅಲ್ಲೂ ಸಪ್ಲೈನ ಅರ್ಧ ವೋಲ್ಟೇಜ್ ಇರುತ್ತದೆ. ಹಳೇ ಸೆಟ್‌ನ ಮೈನಸ್ ಜೊತೆ ಅದು ಸೇರಿದರೆ ಗ್ರೌಂಡ್‌ಗೆ ಶಾರ್ಟ್. ಪ್ಲಸ್ಸು ಮೈನಸ್ಸು ಎರಡನ್ನೂ ಬದಲಿಸುವ ಡಬಲ್ ಪೋಲ್ ಸ್ವಿಚ್ಚೇ ಬೇಕು.

ವಾಲ್ವ್_ಚಿಕ್ಕಮಗಳೂರು

ರೆಸಿಸ್ಟರ್ ಲೆಕ್ಕ ಒಪ್ಪಿದೆ. ಆದರೂ ಜೋರು ಮಾಡಿದಾಗ ವಾಲ್ವ್ ಮೆತ್ತಗೆ ಕ್ಲಿಪ್ ಆಗುತ್ತೆ (ಮಿತಿ ಮೀರಿದಾಗ ಅಲೆಯ ತುದಿ ಕತ್ತರಿಸಿ ಹೋಗೋದು), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ತನ್ನ ಪಾಲು ಸೇರಿಸುತ್ತೆ. ಅದು ರೆಸಿಸ್ಟರ್‌ನಿಂದ ಬರಲ್ಲ.

ನಮ್ಮೂರ ಕಡೆ ವಾಲ್ವ್ ಇಟ್ಟವರಿಗೆ ಒಂದು ಮಾತು. ಹಳೇ ಸೆಟ್ 220 ವೋಲ್ಟ್ ಪ್ರೈಮರಿಯದು. ಲೈನ್ 245 ಇದ್ದಾಗ 6.3 ವೋಲ್ಟ್ ಹೀಟರ್‌ಗೆ 7.0 ಹೋಗುತ್ತೆ. 10% ಮಿತಿ ಅಂದ್ರೂ 6.93, ಅದನ್ನೂ ದಾಟಿತು. 12 ವೋಲ್ಟ್, 3 ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಗೊಂಡು ಪ್ರೈಮರಿಯನ್ನ ಲೈನಿಗೆ ಕೊಟ್ಟು, ಸೆಕೆಂಡರಿಯನ್ನ ಸೆಟ್‌ಗೆ ಹೋಗುವ ಫೇಸ್‌ನಲ್ಲಿ ಸೀರೀಸ್ ಹಾಕಿ. 245 ಇದ್ದದ್ದು 232 ಆಗುತ್ತೆ. ತಿರುವುಮುರುವಾದ್ರೆ 258 ಆಗುತ್ತೆ, ಅದಕ್ಕೇ ಸೆಟ್ ಜೋಡಿಸೋ ಮುಂಚೆ ಮೀಟರ್‌ನಲ್ಲಿ ನೋಡಿ. ಫ್ಯೂಸ್ ಹಾಕಿ, ಡಬ್ಬದೊಳಗೆ ಮುಚ್ಚಿ.

ಇನ್ನೊಂದು, ಮುಂಚಿನ ಹಂತದ ವಾಲ್ವ್ ಇಸಿಸಿ83ಯಿಂದ ಇಎಲ್84 ಗ್ರಿಡ್‌ಗೆ (ಸಿಗ್ನಲ್ ಒಳಹೋಗುವ ಪಿನ್) ಹೋಗುವ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್. ಹಳೇ ಪೇಪರ್ ಥರದ್ದು ಸೋರಿದರೆ ಗ್ರಿಡ್‌ಗೆ ಪಾಸಿಟಿವ್ ಡಿಸಿ ಬಂದು ಪ್ಲೇಟ್ ಕೆಂಪಗೆ ಕಾಯುತ್ತೆ, ಇಎಲ್84 ತಡೆಯುವ 12 ವಾಟ್ ಮೀರಿಬಿಡುತ್ತೆ. ಇಎಲ್84 ಕಿತ್ತಿಟ್ಟು ಗ್ರಿಡ್ ಪಿನ್‌ನಲ್ಲಿ ಅಳೆದಾಗ ಸೊನ್ನೆ ಬರಬೇಕು. ಕಾಲು ವೋಲ್ಟ್ ಕಂಡರೂ 400 ವೋಲ್ಟ್‌ಗೆ ಮೇಲ್ಪಟ್ಟ ಫಿಲ್ಮ್ ಕೆಪಾಸಿಟರ್ ಹಾಕಿ. ಒಳಗೆ 300 ವೋಲ್ಟ್ ಇರುತ್ತೆ, ವಾಲ್ವ್ ಕಿತ್ತಿಟ್ಟಾಗ ಇನ್ನೂ ಮೇಲೇರುತ್ತೆ. ಒಂದೇ ಕೈಯಲ್ಲಿ ಅಳೆಯಿರಿ, ಇನ್ನೊಂದು ಕೈ ಷಾಸಿ ಮುಟ್ಟದಿರಲಿ.

ಮೂಡಿಗೆರೆ_ಮಳೆ

ಕೇಳುಗರೇ, ಸೆಟ್ ತೋಟದ ಮನೆಗೆ ಹೋಗುತ್ತೆ ಅಂದ್ರಿ. ನನ್ನ ಪ್ರಕಾರ ನಿಮ್ಮ ಆಯ್ಕೆಯನ್ನ ನಿರ್ಧರಿಸಬೇಕಾದ್ದು ಸೌಂಡ್ ಅಲ್ಲ, ಕರೆಂಟು ಮತ್ತು ತೇವ.

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುವಾಗ ಒಂದೇ ಲೈನಿನ ಮೇಲೆ ಎಷ್ಟೊಂದು ಮೋಟರು. 190 ವೋಲ್ಟ್‌ಗೆ ಇಳಿದ್ರೆ ಹಳೇ ಸೆಟ್‌ನ ರೈಲ್ ಅದೇ ಅನುಪಾತದಲ್ಲಿ ಇಳಿಯುತ್ತೆ. ಪವರ್ ವರ್ಗದ ಲೆಕ್ಕ, 45 ವಾಟ್ ಇದ್ದದ್ದು 31. ಕೇಳೋಕೆ ದೊಡ್ಡ ವ್ಯತ್ಯಾಸ ಏನಿಲ್ಲ, 1.7 ಡಿಬಿ. ಹೊಸದರ ಎಸ್‌ಎಂಪಿಎಸ್ ಅಡಾಪ್ಟರ್ 100ರಿಂದ 240 ಅಂತ ಬರೆದಿರುತ್ತೆ, ಅದಕ್ಕೆ 190 ಆದರೂ ಗೊತ್ತೇ ಆಗಲ್ಲ. ಇಳಿತದಲ್ಲಿ ಹೊಸದೇ ಮೇಲು.

ಆದರೆ ಏಪ್ರಿಲ್, ಮೇ ಗುಡುಗಿನಲ್ಲಿ ಮೊದಲು ಹೋಗೋದು ಅದೇ ಅಡಾಪ್ಟರ್. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಸರ್ಜನ್ನ ತಕ್ಕಮಟ್ಟಿಗೆ ನುಂಗಿಕೊಳ್ಳುತ್ತೆ. ಮಿಂಚಿಗೆ ಯಾವ ಸ್ವಿಚ್ಚೂ ಅಡ್ಡಿ ಅಲ್ಲ, ಪ್ಲಗ್ ಕಿತ್ತಿಡೋದೇ ಮದ್ದು. ಡಿಶ್ ಕೇಬಲ್, ಇಂಟರ್‌ನೆಟ್ ಕೇಬಲ್ ಸೆಟ್‌ಗೆ ಬಂದಿದ್ರೆ ಅದನ್ನೂ ಕೀಳಬೇಕು. ಸರ್ಜ್‌ಗೆ ಎಂಒವಿ (ವೋಲ್ಟೇಜ್ ಮೀರಿದಾಗ ಸರ್ಜನ್ನ ಹೀರುವ ಬಿಲ್ಲೆ) ಹಾಕೋದಾದ್ರೆ 431ರ ಬದಲು 471 ನಂಬರಿನದು ಹಾಕಿ, ಅದು 300 ವೋಲ್ಟ್ ಎಸಿ ತಡೆಯುತ್ತೆ. 431 ತಡೆಯೋದು 275. ನ್ಯೂಟ್ರಲ್ ಸಡಿಲವಾಗಿ ಲೈನ್ ಏರಿದ ದಿನ ಚಿಕ್ಕದು ಬಿಸಿಯಾಗಿ ಸುಟ್ಟುಹೋಗುತ್ತೆ. ಎಂಒವಿ ಮುಂದೆ ಫ್ಯೂಸ್ ಇರಲೇಬೇಕು. ಅರ್ತ್ ಗುಂಡಿ ಒಣಗಿದ್ರೆ ಇದೆಲ್ಲಾ ದಂಡ.

ಇನ್ವರ್ಟರ್ ಮೇಲೆ ಓಡಿಸೋದಾದ್ರೆ ಪ್ಯೂರ್ ಸೈನ್ ವೇವ್ ಬೇಕು. ಸ್ಕ್ವೇರ್ ವೇವ್‌ನಲ್ಲಿ ಹಳೇ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತೆ, ಸ್ಪೀಕರ್‌ನಲ್ಲೂ ಹಮ್ ಬರುತ್ತೆ. ನೀವು ನೋಡಿರುವ ಹಳೇ ಸೆಟ್‌ನಂಥ ಕ್ಲಾಸ್ ಎಬಿ ಹಾಡಿಲ್ಲದೆ ಕೂತಾಗಲೂ 30, 40 ವಾಟ್ ತಿನ್ನುತ್ತೆ. ಕ್ಲಾಸ್ ಡಿ ಕೆಲವೇ ವಾಟ್. ಕರೆಂಟು ದಿನಗಟ್ಟಲೆ ಹೋಗುವ ಜುಲೈನಲ್ಲಿ ಇದು ದೊಡ್ಡ ಮಾತು.

ತೇವದ ವಿಷಯ. ಹಳೇ ಸೆಟ್‌ನ ಬೋರ್ಡ್ ಕಂದು ಬಣ್ಣದ ಫೀನಾಲಿಕ್ ಕಾಗದದ್ದು, ಗಾಳಿಯ ನೀರು ಹೀರುತ್ತೆ. ಸೆಲೆಕ್ಟರ್ ಸ್ವಿಚ್‌ನ ಬೆಳ್ಳಿ ಲೇಪ ಕಪ್ಪಾಗುತ್ತೆ, ಮಳೆಗಾಲದಲ್ಲಿ ಟೇಪ್ ಮಾನಿಟರ್ ಸ್ವಿಚ್ ಒತ್ತಿ ಬಿಟ್ಟಾಗಲೆಲ್ಲಾ ಒಂದು ಚಾನೆಲ್ ಬಂದು ಹೋಗೋದು ಇದರಿಂದಲೇ. ಕಾಂಟ್ಯಾಕ್ಟ್ ಕ್ಲೀನರ್ ಸ್ವಿಚ್‌ನ ಬಾಯಿಗೆ ಒಂದೆರಡು ಹನಿ ಬಿಟ್ಟು, ಆಫ್ ಇದ್ದಾಗಲೇ ಇಪ್ಪತ್ತು ಮೂವತ್ತು ಸಲ ಆಡಿಸಿ. ಬಾಗಿಲ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇ ವಾಲ್ಯೂಮ್ ಕಂಟ್ರೋಲ್‌ಗೆ ಹೊಡೆಯಬೇಡಿ, ಒಳಗಿನ ಗ್ರೀಸ್ ತೊಳೆದು ಕಾರ್ಬನ್ ಪಟ್ಟಿಯನ್ನೂ ಹಾಳು ಮಾಡುತ್ತೆ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಕಟ್ಟಿಡಬೇಡಿ, ಒಳಗೇ ಬೆವರುತ್ತೆ. ಎರಡು ದಿನಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿಟ್ಟರೆ ಅದರದೇ ಬಿಸಿಗೆ ಒಣಗುತ್ತೆ. ಮೇಲಿನ ಸಂದಿಗೆ ಸಣ್ಣ ಜಾಲರಿ ಹಾಕಿ, ಗಾಳಿ ಆಡಬೇಕು, ಹಲ್ಲಿ ಇಳಿಯಬಾರದು.

ತೆಂಗು_ಚನ್ನರಾಯಪಟ್ಟಣ

ಮಧ್ಯೆ ಒಂದು ಪ್ರಶ್ನೆ. ಹರಿಕಥೆಗೆ, ಮದುವೆಗೆ ಬಳಸುವ ಹಳೇ ಪಿಎ ಆಂಪ್ಲಿಫೈಯರ್ ಮನೆ ಸ್ಪೀಕರ್‌ಗೆ ಆಗುತ್ತಾ? ನಮ್ಮ ಕಡೆ ಸಲೀಸಾಗಿ ಸಿಗುತ್ತೆ.

ಬೆಸುಗೆ_ಕಡ್ಡಿ

ಆಗುತ್ತೆ ಅಣ್ಣ, ಆದ್ರೆ ಹಿಂದಿನ 8 ಓಮ್ ಟರ್ಮಿನಲ್‌ಗೆ ಮಾತ್ರ ಜೋಡಿಸಿ. 70, 100 ವೋಲ್ಟ್ ಅಂತ ಬರೆದ ಟರ್ಮಿನಲ್‌ಗೆ ಮನೆ ಸ್ಪೀಕರ್ ಕೊಟ್ರೆ ಕಾಯಿಲ್ ಸುಡುತ್ತೆ. ಅದು ಮೋನೋ, ಮಾತಿಗೆ ಅಂತ ಮಾಡಿದ್ದು. ಸಂಗೀತಕ್ಕೆ ನಾನು ಹೇಳಲ್ಲ.

ಕೇಳುಗರಿಗೆ ರಿಪೇರಿ ವಿಷಯ ಇನ್ನೊಂದಿಷ್ಟು. ಹಳೇದರ ದೊಡ್ಡ ಗುಣ, ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತೆ, ಕೈಯಲ್ಲಿ ಬೆಸುಗೆ ಹಾಕಬಹುದು, ಸರ್ಕ್ಯೂಟ್ ಪುಸ್ತಕ ಸಿಗುತ್ತೆ. ಟಿಪಿಎ3116 ಹೋದ್ರೆ ಬೋರ್ಡ್ ಬದಲಿಸೋದೇ ದಾರಿ. ಆದ್ರೆ 80ರ ದಶಕದ ಎಸ್‌ಟಿಕೆ ಮಾಡ್ಯೂಲ್ (ಪವರ್ ಭಾಗವೆಲ್ಲಾ ಒಂದೇ ತುಂಡಿನಲ್ಲಿ) ಇರುವ ಸೆಟ್ ಮಾತ್ರ ತಗೋಬೇಡಿ. ಆ ಮಾಡ್ಯೂಲ್ ತಯಾರಿಕೆ ನಿಂತಿದೆ, ಸಿಗೋದರಲ್ಲಿ ನಕಲಿ ಜಾಸ್ತಿ. ಬಿಡಿ ಟ್ರಾನ್ಸಿಸ್ಟರ್ ಇರುವುದನ್ನೇ ನೋಡಿ.

ಟ್ರಾನ್ಸಿಸ್ಟರ್‌ನಲ್ಲೂ ನಕಲಿ ಇದೆ. 2ಎನ್3055, 2ಎಸ್‌ಸಿ5200 ಎರಡೂ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ರೆ ಕಮ್ಮಿ ರೇಟಿಗೆ ಆಸೆಪಡದೆ ಬಿಲ್ ಕೊಡುವ ಕಡೆ ತಗೊಳ್ಳಿ. ಟಿಒ-3 ಲೋಹದ ಟೋಪಿ ಜೋಡಿಗೆ ಎಂಜೆ15003, ಎಂಜೆ15004 ಎಷ್ಟೋ ಸೆಟ್‌ಗೆ ಕೂರುತ್ತೆ, 140 ವೋಲ್ಟ್, 20 ಆಂಪಿಯರ್. ನಿಧಾನದ ಟ್ರಾನ್ಸಿಸ್ಟರ್‌ಗೆ ಅಂತ ಮಾಡಿದ ಸರ್ಕ್ಯೂಟ್‌ಗೆ 30 ಮೆಗಾಹರ್ಟ್ಸ್‌ನ 5200 ತುರುಕಿದ್ರೆ ಕಿವಿಗೆ ಕೇಳದ ಆಸಿಲೇಷನ್ ಶುರುವಾಗಿ ಹೀಟ್‌ಸಿಂಕ್ ಸುಮ್ಮಸುಮ್ಮನೆ ಕಾಯುತ್ತೆ. ಹೊಸದು ಹಾಕಿದ ಮೇಲೆ ಮೈಕಾ, ಪೇಸ್ಟ್ ಬದಲಿಸಿ, ಬಯಾಸ್ (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟು) ಪೂರ್ತಿ ಇಳಿಸಿ, ಸೀರೀಸ್ ಬೋರ್ಡ್‌ನಲ್ಲಿ ಆನ್ ಮಾಡಿ, ಆಮೇಲೆ ನೇರ ಕೊಟ್ಟು ನಿಧಾನವಾಗಿ ಏರಿಸಿ. 0.22 ಓಮ್ ಎಮಿಟರ್ ರೆಸಿಸ್ಟರ್ ಮೇಲೆ 10 ಮಿಲಿವೋಲ್ಟ್ ಅಂದ್ರೆ 45 ಮಿಲಿಆಂಪಿಯರ್. ಎಷ್ಟಿರಬೇಕು ಅನ್ನೋದನ್ನ ಆ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ಲೇ ಹೇಳುತ್ತೆ. ಬಯಾಸ್ ತಿರುಗಿಸುವ ತೆರೆದ ಹಳೇ ಟ್ರಿಮ್ಮರ್ ಇದ್ರೆ ಮೊದಲು ಅದನ್ನ ಬದಲಿಸಿ. ಒಳಗಿನ ಕಾಲು ಎದ್ದರೆ ಕೆಲವು ಸರ್ಕ್ಯೂಟ್‌ನಲ್ಲಿ ಬಯಾಸ್ ಪೂರ್ತಿ ಏರಿ ಹೊಸ ಜೋಡಿಯೂ ಹೋಗುತ್ತೆ.

ಫಿಲ್ಟರ್ ಕೆಪಾಸಿಟರ್ 10,000 ಮೈಕ್ರೋಫ್ಯಾರಡ್ ಇದ್ದಲ್ಲಿ 12,000 ಹಾಕಿ, 33,000 ಬೇಡ. ಆನ್ ಮಾಡಿದ ಕ್ಷಣದ ಎಳೆತಕ್ಕೆ ಸ್ವಿಚ್ಚೂ ಬ್ರಿಡ್ಜೂ ಸೋಲುತ್ತೆ.

ಹಾಸನ_ಕೇಳುಗ

ತುಂಬಾ ಉಪಕಾರವಾಯ್ತು. ಹಾಸನದ ಮನೆಗೆ ಹಳೇದು, 100 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಮೇತ. ತೋಟಕ್ಕೆ ಕ್ಲಾಸ್ ಡಿ, ಇನ್ವರ್ಟರ್ ಮೇಲೆ. ಹಾಗೇ ಮಾಡ್ತೀನಿ. ಉಳಿದದ್ದು ಎರಡು. ರೆಕಾರ್ಡ್ ಪ್ಲೇಯರ್ ಕ್ಲಾಸ್ ಡಿಗೆ ನೇರ ಕೊಡಬಹುದಾ? ಫೋನಿನ ಡಿಎಸಿ (ಡಿಜಿಟಲ್ ಹಾಡನ್ನ ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಸಾಧನ) ಹಳೇ ಸೆಟ್‌ನ ಆಕ್ಸ್‌ಗೆ ಕೊಟ್ಟು ನೋಡಿದಾಗ ವಾಲ್ಯೂಮ್ ಒಂಚೂರು ತಿರುಗಿಸಿದ್ರೂ ಜೋರು, ಎಡಗಡೆ ಮಾತ್ರ ಮೊದಲು ಬರುತ್ತೆ. ಸೆಟ್ ಕೆಟ್ಟಿದೆಯಾ?

ಅಳತೆಪಟ್ಟಿ

ರೆಕಾರ್ಡ್ ಪ್ಲೇಯರ್ ನೇರ ಬರುವುದಿಲ್ಲ. ಕಾರ್ಟ್ರಿಡ್ಜ್ ಕೊಡುವುದು 5 ಮಿಲಿವೋಲ್ಟ್ ಒಳಗೆ, ಜೊತೆಗೆ ಆರ್‌ಐಎಎ ಸರಿಪಡಿಕೆಯೂ (ರೆಕಾರ್ಡ್ ಕೊರೆಯುವಾಗ ಇಳಿಸಿದ ಬಾಸ್, ಏರಿಸಿದ ಟ್ರೆಬಲ್ ಮತ್ತೆ ಸಮ ಮಾಡುವುದು) ಬೇಕು. ಹಳೇ ಸೆಟ್‌ನ ಫೋನೋ ಇನ್‌ಪುಟ್‌ನಲ್ಲಿ ಎರಡೂ ಇದೆ, 47 ಕಿಲೋಓಮ್ ಲೋಡ್ ಸಮೇತ. ಪ್ಲೇಯರ್ ಹಾಸನದಲ್ಲೇ ಇರಲಿ. ತೋಟಕ್ಕೆ ಒಯ್ದರೆ ಬೇರೆ ಫೋನೋ ಪ್ರಿಆಂಪ್ ಬೇಕು.

ವಾಲ್ಯೂಮ್ ವಿಷಯಕ್ಕೆ, ಸೆಟ್ ಕೆಟ್ಟಿಲ್ಲ. ಆ ಕಾಲದ ಆಕ್ಸ್ ಇನ್‌ಪುಟ್ 150 ಮಿಲಿವೋಲ್ಟ್‌ಗೆ ಪೂರ್ತಿ ಪವರ್ ಕೊಡುವ ಹಾಗೆ ಮಾಡಿದ್ದು. ಡಿಎಸಿ 2 ವೋಲ್ಟ್ ಕೊಡುತ್ತದೆ. ವಾಲ್ಯೂಮ್ ಕಂಟ್ರೋಲ್‌ನ ಶುರುವಿನ ಭಾಗದಲ್ಲಿ ಎರಡು ಪಟ್ಟಿ ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಎಡಗಡೆ ಮೊದಲು. ಪ್ರತಿ ಚಾನೆಲ್‌ಗೆ 10 ಕಿಲೋಓಮ್ ಸೀರೀಸ್, ಅದರ ಆಚೆ ತುದಿಯಿಂದ ಗ್ರೌಂಡ್‌ಗೆ 2.2 ಕಿಲೋಓಮ್, ಎರಡೂ 1% ಮೆಟಲ್ ಫಿಲ್ಮ್. 15 ಡಿಬಿ ಇಳಿದು 0.35 ವೋಲ್ಟ್ ಆಗುತ್ತದೆ, ವಾಲ್ಯೂಮ್ ಮಧ್ಯದವರೆಗೂ ತಿರುಗಿಸಬಹುದು. ರೆಸಿಸ್ಟರ್‌ಗಳನ್ನು ಆಂಪ್ಲಿಫೈಯರ್ ಕಡೆಯ ಆರ್‌ಸಿಎ ಪ್ಲಗ್ ಒಳಗೇ ಬೆಸೆಯಿರಿ, ಡಿಎಸಿ ಕಡೆ ಬೇಡ. ಕೇಬಲ್ ಉದ್ದವಿದ್ದಾಗ ಟ್ರೆಬಲ್ ನಷ್ಟವೂ ಆಗುವುದಿಲ್ಲ, ಹಮ್ಮೂ ಹಿಡಿಯುವುದಿಲ್ಲ.